ಕೆಟ್ಟರೂ ನಿಲ್ಲದ ಯಂತ್ರ

ಸದ್ಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾವ ಕೆಲಸವನ್ನೂ "ಸದ್ಯಕ್ಕೆ ಹೀಗಿರಲಿ" ಅನ್ನದೆ ಅವನು ಮುಗಿಸಿದ್ದಿಲ್ಲ. ಹೀಗಾಗಿ ಹೆತ್ತವರ ಹೆಸರು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವನ ಅಂಗಿಯಲ್ಲಿ ಗುಂಡಿ ಇರಬೇಕಾದ ಕಡೆ ಒಂದು ಸೇಫ್ಟಿ ಪಿನ್ನು ಸದ್ಯಕ್ಕೆ ಇತ್ತು. ಮನೆಯ ಬಚ್ಚಲಿನ ಬಾಗಿಲಿಗೆ ಚಿಲಕದ ಬದಲು ಒಂದು ಶೂ ಲೇಸು ಸದ್ಯಕ್ಕೆ ಇತ್ತು. ಒಳಗೆ ಹೋದವರು ಒಂದು ಕೈಯಲ್ಲಿ ಅದರ ತುದಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ನಾನ ಮುಗಿಸಬೇಕು. "ನಮ್ಮ ಮದುವೆನೂ ಸದ್ಯಕ್ಕೇನಾ ರೀ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಉತ್ತರ ಕೊಡುವ ಮೊದಲು ಸದ್ಯಪ್ಪ ಒಂದು ಗಳಿಗೆ ಯೋಚಿಸಿದ. ಆ ಒಂದು ಗಳಿಗೆಯ ತಪ್ಪಿಗೆ ವಾರವಿಡೀ ತನ್ನ ಊಟವನ್ನು ತಾನೇ ಬಡಿಸಿಕೊಂಡ.

ಇಂಥ ಸದ್ಯಪ್ಪ ಸಂಶೋಧಕನಾಗಿದ್ದ ಅನ್ನುವುದು ವಿಜ್ಞಾನದ ಧಾರಾಳತನಕ್ಕೆ ಸಾಕ್ಷಿ. ಜಿಡ್ಡು ತಿನ್ನುವ ಸೂಕ್ಷ್ಮಜೀವಿಗಳನ್ನು ಸಾಕುವುದು ಅವನ ಕೆಲಸ. ಸಿಂಕಿನ ಕೊಳವೆ ಕಟ್ಟಿಕೊಂಡಾಗ ಅದರೊಳಗೆ ಇವುಗಳನ್ನು ಬಿಟ್ಟರೆ ಜಿಡ್ಡನ್ನೆಲ್ಲ ತಿಂದು ನೀರಿಗೆ ದಾರಿ ಮಾಡಿಕೊಡಬೇಕು, ಅಷ್ಟೇ. ಆದರೆ ಬೆಳೆಯುವಾಗ ಅವುಗಳದು ಒಂದು ಹಟ. ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಅವುಗಳ ಸೀಸೆಯನ್ನು ಅಲುಗಿಸುತ್ತಲೇ ಇರಬೇಕು. ಅಲುಗುವುದು ನಿಂತಿತೋ, ಉಸಿರು ಸಿಗದೆ ತಳ ಸೇರಿ ಸತ್ತುಹೋಗುತ್ತವೆ. "ಪುಟ್ಟಿ ಹುಟ್ಟಿದಾಗ ತೊಟ್ಟಿಲು ತೂಗಿ ಅಂದ್ರೆ ನನಗಿಂತ ಮೊದಲು ನೀವೇ ಮಲಗ್ತಿದ್ರಿ. ಈಗ ನೋಡಿ, ಯಾರದೋ ಮಕ್ಕಳನ್ನ ಹಗಲುರಾತ್ರಿ ತೂಗ್ತಿದ್ದೀರ" ಎಂದು ಹೆಂಡತಿ ಹೇಳುವುದಿತ್ತು.

ಹೀಗೆ ಅಲುಗಿಸುವ ಯಂತ್ರ ಆ ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ. ಶೇಕರ್ ಎಂದು ಅದರ ಹೆಸರು. ಅಗಲವಾದ ಒಂದು ತಟ್ಟೆ, ಅದರ ಮೇಲೆ ಸೀಸೆಗಳನ್ನು ಹಿಡಿದಿಡುವ ಕೊಂಡಿಗಳು, ಮುಂದೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಹಸಿರು ಒತ್ತಿದರೆ ತಟ್ಟೆ ಗರಗರ ಸುತ್ತುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಒಂದೇ ಬಚ್ಚಲಿರುವ ತುಂಬಿದ ಮನೆಯಲ್ಲಿ ಬೆಳಗಿನ ಹೊತ್ತು ಏನೇನು ನಡೆಯುತ್ತದೋ ಅದೆಲ್ಲ ಈ ಶೇಕರಿನ ಮುಂದೆ ದಿನವಿಡೀ ನಡೆಯುತ್ತಿತ್ತು.

ಸದ್ಯಪ್ಪ ಜೀವಿಗಳನ್ನು ಮೊದಲ ಸಲ ಇಟ್ಟಾಗ ಸಕ್ಕರೆ ಅಕ್ಕ ಯಂತ್ರ ನಿಲ್ಲಿಸಿ ತನ್ನ ಸೀಸೆಗಳನ್ನು ಸೇರಿಸಿ, ಮತ್ತೆ ಹಸಿರು ಗುಂಡಿ ಒತ್ತುವುದನ್ನು ಮರೆತು ಮನೆಗೆ ಹೋದಳು. ಬಗೆಬಗೆಯ ಸಕ್ಕರೆ ನೀರು ಆಕೆಯ ಸಂಶೋಧನೆ. ಅದರ ಸಿಹಿ ನಾಲಿಗೆಗೆ ತಗಲಿದ್ದನ್ನು ಯಾರೂ ಕಂಡಿರಲಿಲ್ಲ. ಎರಡನೇ ಸಲ ಸಿದ್ಧಾಂತಿ ತನ್ನ ಮೊಬೈಲ್ ಚಾರ್ಜಿಗೆ ಹಾಕಲು ಶೇಕರಿನ ಪ್ಲಗ್ ಕಿತ್ತ. ಈತ ಗಣಿತ ಬಲ್ಲವ; ಯಾವ ವಿಷಯವನ್ನೂ ಕಣ್ಣಾರೆ ನೋಡುವುದಕ್ಕಿಂತ ಗೋಡೆಯ ಬೋರ್ಡಿನ ಮೇಲೆ ಲೆಕ್ಕ ಹಾಕಿ ನೋಡುವುದೇ ಅವನಿಗೆ ಇಷ್ಟ. ಎರಡು ಸಲವೂ ಜೀವಿಗಳು ಸತ್ತವು. ಎರಡು ಸಲವೂ ಸದ್ಯಪ್ಪನ ಮನೆಯವರು ಸಮುದ್ರ ನೋಡಲು ಹೋಗುವುದು ನಿಂತಿತು. ಯಾಕೆಂದರೆ ಈ ಕೆಲಸ ಮುಗಿಯುವವರೆಗೆ ರಜೆ ಇಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥೆಯ ಅಪ್ಪಣೆಯಾಗಿತ್ತು.

ಈಗ ಮೂರನೇ ಸಲ ರೈಲಿನ ಟಿಕೆಟ್ ಆಗಿತ್ತು. ಶನಿವಾರ ಬೆಳಗ್ಗೆ ಹೊರಡಬೇಕು. ಪುಟ್ಟಿ ಮರಳಲ್ಲಿ ಆಡುವ ಬಕೆಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಹೆಂಡತಿ ಏನೂ ಹೇಳಿರಲಿಲ್ಲ. ಅವಳು ಏನೂ ಹೇಳದಿದ್ದರೆ ವಿಷಯ ಗಂಭೀರವೆಂದು ಸದ್ಯಪ್ಪನಿಗೆ ಗೊತ್ತಿತ್ತು. ಹೇಳಿದ್ದು ಅತ್ತೆ: "ಅಳಿಯಂದ್ರೇ, ಈ ಸಲವೂ ನಿಮ್ಮ ಸೀಸೆ ಕೈಕೊಟ್ರೆ ನಾವು ಮೂವರು ಹೋಗಿಬರ್ತೀವಿ. ನೀವು ಸದ್ಯಕ್ಕೆ ಮನೇಲಿರಿ."

ಹಾಗಾಗಿ ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಸದ್ಯಪ್ಪ ತನ್ನ ಸೀಸೆಗಳನ್ನು ಕೊಂಡಿಗೆ ಸಿಕ್ಕಿಸಿ ಹಸಿರು ಗುಂಡಿ ಒತ್ತಿದ. ತಟ್ಟೆ ಸುತ್ತತೊಡಗಿತು. ಶುಕ್ರವಾರ ಆಫೀಸು ಬಿಡುವವರೆಗೆ ಇದನ್ನು ಯಾರೂ ಮುಟ್ಟಕೂಡದು. ಮುಟ್ಟದಂತೆ ಮಾಡುವುದು ಹೇಗೆ? ಆಗ ಅವನಿಗೆ ಡ್ರಾಯರಿನಲ್ಲಿದ್ದ ಕೆಂಪು ಫಲಕ ನೆನಪಾಯಿತು.

ಆ ಫಲಕದ ಮೇಲೆ "ಕೆಟ್ಟಿದೆ, ಮುಟ್ಟಬೇಡಿ" ಎಂದು ಬರೆದಿತ್ತು. ಹಿಂದೆ ಪ್ರತಿ ಯಂತ್ರ ಕೆಟ್ಟಾಗಲೂ ಯಾರು ಕೆಡಿಸಿದ್ದು ಎಂಬ ಜಗಳವೇ ರಿಪೇರಿಗಿಂತ ದೀರ್ಘವಾಗುತ್ತಿತ್ತು. ಅದಕ್ಕೆ ಮುಖ್ಯಸ್ಥೆ ಒಂದು ಕಾನೂನು ಮಾಡಿದ್ದರು. ಫಲಕ ನೇತುಹಾಕಿದ ಮೇಲೆ ರಿಪೇರಿಯವನು ಬರುವವರೆಗೆ ಆ ಯಂತ್ರವನ್ನಾಗಲಿ, ಅದರ ವೈರನ್ನಾಗಲಿ, ಅದರ ಮೇಜನ್ನಾಗಲಿ ಯಾರು ಮುಟ್ಟುತ್ತಾರೋ ಅವರೇ ಕೆಡಿಸಿದವರು. ಕೆಡಿಸಿದವರು ಒಂದು ತಿಂಗಳು ಎಲ್ಲರ ಗಾಜಿನ ಸಾಮಾನು ತೊಳೆಯಬೇಕು. ಅಂದಿನಿಂದ ಫಲಕ ಬಿದ್ದ ಯಂತ್ರದ ಹತ್ತಿರ ಸುಳಿಯುವಾಗ ಎಲ್ಲರೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

"ಸದ್ಯಕ್ಕೆ ಇರಲಿ" ಎಂದು ಸದ್ಯಪ್ಪ ಫಲಕವನ್ನು ಶೇಕರಿಗೆ ನೇತುಹಾಕಿ, ಕೈ ಒರೆಸಿಕೊಂಡು, ಚಹಾ ಕುಡಿಯಲು ಹೋದ. ಕೆಟ್ಟಿದೆ ಎಂದು ಹೇಳಿದ ಯಂತ್ರ ಸೊಗಸಾಗಿ ಸುತ್ತುತ್ತಿದೆ ಎಂಬ ಸಣ್ಣ ತೊಡಕು ಅವನ ತಲೆಗೆ ಹೊಳೆಯಲಿಲ್ಲ.

ಸಿದ್ಧಾಂತಿಯ ತಲೆಗೆ ಹೊಳೆಯಿತು. ಸದ್ಯಪ್ಪ ವಾಪಸು ಬರುವಷ್ಟರಲ್ಲಿ ಅವನು ಶೇಕರಿನ ಮುಂದೆ ಎರಡೂ ಕೈ ಜೇಬಲ್ಲಿಟ್ಟು ನಿಂತಿದ್ದ. ಪಕ್ಕದಲ್ಲಿ ಸಕ್ಕರೆ ಅಕ್ಕ ಸೀಸೆಗಳ ಬುಟ್ಟಿ ಹಿಡಿದು ನಿಂತಿದ್ದಳು.

"ಕೆಟ್ಟಿದೆ ಅಂತಿದೆ. ಓಡ್ತಾ ಇದೆ" ಎಂದಳು ಸಕ್ಕರೆ ಅಕ್ಕ.

"ಎರಡೂ ನಿಜ ಇರಬೇಕು ಅಕ್ಕ. ಫಲಕ ಸುಳ್ಳು ಹೇಳೋಕೆ ಸಾಧ್ಯ ಇಲ್ಲ. ಕಣ್ಣೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಕೆಟ್ಟಿರೋದು ಓಡೋದಲ್ಲ."

"ಮತ್ತೇನು?"

ಸಿದ್ಧಾಂತಿ ಒಂದು ಹೆಜ್ಜೆ ಹಿಂದೆ ಸರಿದ. "ನಿಲ್ಲೋದು."

ಸಕ್ಕರೆ ಅಕ್ಕ ಬುಟ್ಟಿಯನ್ನು ಎದೆಗವಚಿಕೊಂಡಳು. ಸದ್ಯಪ್ಪ ಆ ಬುಟ್ಟಿ ನೋಡಿದ. ನಿಜ ಹೇಳಿದರೆ ಸಕ್ಕರೆ ಅಕ್ಕನ ಬುಟ್ಟಿ ಈಗಲೇ ಶೇಕರ್ ಏರುತ್ತದೆ. ಪುಟ್ಟಿಯ ಬಕೆಟ್ಟು ದಿಂಬಿನ ಪಕ್ಕದಲ್ಲೇ ಉಳಿಯುತ್ತದೆ.

"ಹೌದು, ಹಾಗೇ ಕಾಣುತ್ತೆ" ಎಂದುಬಿಟ್ಟ ಸದ್ಯಪ್ಪ.

ಕೆಂಪು ಗುಂಡಿ ಎಲ್ಲರ ಕಣ್ಣೆದುರೇ ಇತ್ತು. ಒಮ್ಮೆ ಒತ್ತಿದ್ದರೆ ಯಂತ್ರ ನಿಲ್ಲುತ್ತಿತ್ತು. ಆದರೆ ಒಂದು ತಿಂಗಳ ಗಾಜಿನ ಸಾಮಾನನ್ನು ನೆನೆದವರ ಬೆರಳು ಅತ್ತ ಹೋಗುವುದು ಹೇಗೆ? ಹೀಗೆ, ಒತ್ತಿ ನೋಡಿದವರಿಲ್ಲದ ಕಾರಣ, ಯಂತ್ರ ನಿಲ್ಲುವುದಿಲ್ಲ ಎಂಬುದು ಚಹಾದ ಹೊತ್ತಿಗೆ ಸ್ಥಿರಪಟ್ಟ ಸತ್ಯವಾಯಿತು. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಹಿಂದಿನ ಸಾಕ್ಷಿಗಳೂ ಹುಟ್ಟಿಕೊಂಡವು. ಕಳೆದ ವಾರ ನಿಲ್ಲಿಸಿದಾಗ ಅದು ಒಲ್ಲದ ಮನಸ್ಸಿನಿಂದ ನಿಂತಿತ್ತು ಎಂದು ಒಬ್ಬರಿಗೆ ನೆನಪಾಯಿತು. ನಿಂತ ಮೇಲೂ ಒಳಗೊಳಗೇ ಗುರುಗುಟ್ಟಿದ್ದನ್ನು ಸ್ಟೋರ್ ಕೀಪರ್ ಸ್ವಂತ ಕಿವಿಯಿಂದ ಕೇಳಿದ್ದರು. ಅವರ ಸ್ಟೋರು ಕೆಳಗಿನ ಮಹಡಿಯಲ್ಲಿತ್ತು.

ಮುಖ್ಯಸ್ಥೆ ಬಂದರು. ಫಲಕ ನೋಡಿದರು, ಯಂತ್ರ ನೋಡಿದರು, ಯಾಕೋ ಸ್ವಲ್ಪ ಬಿಳಿಚಿಕೊಂಡರು. "ಮೇಲಿರೋ ಸೀಸೆಗಳು ಯಾರದ್ದು?"

"ಪಾಪ, ಸದ್ಯಪ್ಪಂದು ಮೇಡಂ" ಎಂದಳು ಸಕ್ಕರೆ ಅಕ್ಕ.

ಬಾವಿಗೆ ಬಿದ್ದವರ ಸಂಬಂಧಿಕನನ್ನು ನೋಡುವಂತೆ ಎಲ್ಲರೂ ಸದ್ಯಪ್ಪನನ್ನು ನೋಡಿದರು. ಯಾರೋ ಕುರ್ಚಿ ತಂದರು. ಯಾರೋ ನೀರು ಕೊಟ್ಟರು.

"ನೀವು ಧೈರ್ಯ ಕೆಡಬೇಡಿ. ನಿಮ್ಮ ಸೀಸೆಗಳನ್ನ ಹೇಗಾದ್ರೂ ಉಳಿಸ್ತೀವಿ" ಎಂದರು ಮುಖ್ಯಸ್ಥೆ.

"ಬೇಡ ಮೇಡಂ" ಎಂದ ಸದ್ಯಪ್ಪ ಗಾಬರಿಯಿಂದ.

"ನೋಡಿ, ತನ್ನದು ಹೋದ್ರೂ ಪರವಾಗಿಲ್ಲ, ಬೇರೆಯವರಿಗೆ ತೊಂದರೆ ಬೇಡ ಅಂತಾನೆ" ಎಂದು ಸಕ್ಕರೆ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಕಂಡವರು ಪ್ರಯೋಗಾಲಯದಲ್ಲಿ ಅಲ್ಲಿಯವರೆಗೆ ಇರಲಿಲ್ಲ.

ಸಿದ್ಧಾಂತಿಗೆ ಉಪಾಯ ಹೊಳೆಯಿತು. "ಯಂತ್ರ ಮುಟ್ಟಬಾರದು ತಾನೇ? ಕಟ್ಟಡದ ಮೇನ್ ಸ್ವಿಚ್ಚೇ ತೆಗೆದ್ರೆ?"

ಎಲ್ಲರ ಮುಖ ಅರಳಿತು. ಸ್ಟೋರ್ ಕೀಪರ್ ಆಗಲೇ ಮೆಟ್ಟಿಲ ಕಡೆ ಹೊರಟರು. ಸದ್ಯಪ್ಪ ಕುರ್ಚಿಯಿಂದ ಎದ್ದ ರಭಸಕ್ಕೆ ಸೇಫ್ಟಿ ಪಿನ್ನು ಬಿಚ್ಚಿ ಹೊಟ್ಟೆಗೆ ಚುಚ್ಚಿತು. ಆ ನೋವಿನಲ್ಲಿ ಅವನ ಬಾಯಿಂದ ಬಂದ ಮಾತಿಗೆ ಎಂದೂ ಇಲ್ಲದ ಅಧಿಕಾರ ಇತ್ತು.

"ಒಮ್ಮೆಗೇ ನಿಲ್ಲಿಸಬಾರದು. ಮೋಟಾರಿಗೆ ಆಘಾತ ಆಗುತ್ತೆ. ಅದು ತಾನಾಗಿ ಸುಸ್ತಾಗಬೇಕು."

ಸ್ಟೋರ್ ಕೀಪರ್ ಮೆಟ್ಟಿಲಲ್ಲೇ ನಿಂತರು.

"ಸುಸ್ತಾಗೋಕೆ ಎಷ್ಟು ಹೊತ್ತು ಬೇಕು?" ಎಂದರು ಮುಖ್ಯಸ್ಥೆ.

"ನಾಳೆ ಸಂಜೆ. ಆಫೀಸು ಬಿಡೋ ಹೊತ್ತಿಗೆ."

ಮುಖ್ಯಸ್ಥೆ ಸಿದ್ಧಾಂತಿಯ ಕಡೆ ತಿರುಗಿದರು. ಸಿದ್ಧಾಂತಿ ಆಗಲೇ ಗೋಡೆಯ ಬೋರ್ಡಿನ ಮುಂದಿದ್ದ. ತಟ್ಟೆಯ ತೂಕ, ಸುತ್ತಿನ ವೇಗ, ಗಾಳಿಯ ತಡೆ, ಲೋಹದ ದಣಿವು ಎಲ್ಲವನ್ನೂ ಬರೆದು, ಒರೆಸಿ, ಮತ್ತೆ ಬರೆದ. ಕೊನೆಗೆ ಅಂಗಿಯೆಲ್ಲ ಮಸಿಯಾಗಿ ಈ ಕಡೆ ತಿರುಗಿ, "ಸರಿಯಾಗಿದೆ ಮೇಡಂ. ಶುಕ್ರವಾರ ಸಂಜೆ, ಆಫೀಸು ಬಿಡೋ ಹೊತ್ತಿಗೆ" ಎಂದ. ಸದ್ಯಪ್ಪನಿಗೇ ಒಂದು ಗಳಿಗೆ ಯಂತ್ರ ನಿಜವಾಗಿಯೂ ಕೆಟ್ಟಿದೆಯೇನೋ ಎಂಬ ಅನುಮಾನ ಬಂತು. ವಿಜ್ಞಾನದ ಎಷ್ಟೋ ದೊಡ್ಡ ಸಂಗತಿಗಳು ಆಫೀಸು ಬಿಡುವ ಹೊತ್ತಿಗೆ ಸರಿಹೊಂದುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಶುರುವಾಯಿತು ಇನ್ನೊಂದು ವಿಚಿತ್ರ. ಸದ್ಯಪ್ಪ ಯಂತ್ರದ ಪಕ್ಕದಲ್ಲೇ ಕಾವಲು ಕೂತಿದ್ದನಲ್ಲ, ಅವನ ಹತ್ತಿರ ಒಬ್ಬೊಬ್ಬರೇ ಸುಳಿಯತೊಡಗಿದರು.

ಮೊದಲು ಬಂದವಳು ಸಕ್ಕರೆ ಅಕ್ಕ. ಅತ್ತಿತ್ತ ನೋಡಿ ಪಿಸುಗುಟ್ಟಿದಳು: "ಯಾರಿಗೂ ಹೇಳ್ಬೇಡ. ಹೋದ ತಿಂಗಳು ಪಾಕ ಅದರೊಳಗೆ ಚೆಲ್ಲಿಬಿಟ್ಟೆ. ಒರೆಸಿದ್ದೆ ಕಣಪ್ಪ, ಆದ್ರೆ ಸಂದಿಗೆ ಹೋಗಿರ್ಬೇಕು. ಅದಕ್ಕೇ ಅಂಟಿಕೊಂಡಿದೆ."

"ಪಾಕ ಅಂಟಿದ್ರೆ ತಿರುಗೋದು ನಿಲ್ಬೇಕಲ್ವಾ ಅಕ್ಕ?"

"ತಿರುಗೋ ಕಡೆ ಅಂಟಿಲ್ಲ. ನಿಲ್ಲೋ ಕಡೆ ಅಂಟಿದೆ."

ಎರಡನೆಯವನು ಸಿದ್ಧಾಂತಿ. ಶೇಕರ್ ಎಷ್ಟು ಭಾರ ತಡೆಯುತ್ತದೆಂದು ಲೆಕ್ಕ ಹಾಕಿದ್ದನಂತೆ. ಲೆಕ್ಕ ಸರಿಯೋ ಎಂದು ನೋಡಲು ಒಮ್ಮೆ ತಾನೇ ಅದರ ಮೇಲೆ ಕೂತಿದ್ದನಂತೆ. "ಲೆಕ್ಕ ಸರಿ ಇತ್ತು. ನನ್ನ ತೂಕದ ಬಗ್ಗೆ ನನಗೆ ತಪ್ಪು ಕಲ್ಪನೆ ಇತ್ತು."

ಮೂರನೆಯವರು ಸಾಕ್ಷಾತ್ ಮುಖ್ಯಸ್ಥೆ. ಬಾಗಿಲು ಮುಂದೆ ಮಾಡಿ, ಕನ್ನಡಕ ತೆಗೆದು ಒರೆಸಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ನಮ್ಮ ಮನೆ ಬಾಲ್ಕನಿಗೆ ಹಸಿರು ಬಣ್ಣ ಬಳಿಸ್ಬೇಕಿತ್ತು. ಡಬ್ಬಿ ಗಟ್ಟಿಯಾಗಿತ್ತು. ಒಂದು ಭಾನುವಾರ ಇಲ್ಲಿ ತಂದು ಅಲುಗಿಸಿದೆ. ಅಷ್ಟೇ. ಅಷ್ಟಕ್ಕೇ ಹೀಗಾಗುತ್ತೇನ್ರೀ?"

"ಇಲ್ಲ ಮೇಡಂ, ಖಂಡಿತ ಇಲ್ಲ" ಎಂದ ಸದ್ಯಪ್ಪ ಪೂರ್ತಿ ಪ್ರಾಮಾಣಿಕವಾಗಿ. ಆದರೂ ಅವರು ನಂಬಲಿಲ್ಲ.

ಈ ನಡುವೆ ಸುದ್ದಿ ಸ್ಟೋರ್ ಕೀಪರ್ ಮೂಲಕ ಅವರ ಹೆಂಡತಿಗೆ, ಅಲ್ಲಿಂದ ಸದ್ಯಪ್ಪನ ಬೀದಿಗೆ ಮುಟ್ಟಿತ್ತು. ಮೊದಲ ಮನೆಯಲ್ಲಿ ಯಂತ್ರ ನಿಲ್ಲುತ್ತಿಲ್ಲ ಎಂದಿದ್ದದ್ದು, ಮೂರನೇ ಮನೆಯಲ್ಲಿ ಯಂತ್ರದ ಪಕ್ಕ ಸದ್ಯಪ್ಪ ನಿಂತಿದ್ದಾನೆ ಎಂದಾಗಿ, ಬೀದಿಯ ಕೊನೆಯಲ್ಲಿದ್ದ ಅವನ ಮನೆ ತಲುಪುವಾಗ ಯಂತ್ರದ ಮೇಲೆ ಸದ್ಯಪ್ಪ ಸುತ್ತುತ್ತಿದ್ದಾನೆ ಎಂದಾಗಿತ್ತು. ಹೆಂಡತಿ, ಪುಟ್ಟಿ, ಅತ್ತೆ ಮೂವರೂ ಆಟೋ ಹಿಡಿದು ಓಡಿಬಂದರು. ಅತ್ತೆಯ ಕೈಯಲ್ಲಿ ಒಂದು ನಿಂಬೆಹಣ್ಣು ಇತ್ತು. ತಲೆ ಸುತ್ತಿದವರಿಗೆ ಮೂಸಲು ಕೊಡಲು.

ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದ ಅಳಿಯನನ್ನು ಕಂಡು ಅತ್ತೆಗೆ ಸಮಾಧಾನದ ಜೊತೆಗೆ ಸ್ವಲ್ಪ ನಿರಾಸೆಯೂ ಆಯಿತು. "ಯಾವಾಗ ಇಳಿಸಿದ್ರು?" ಎಂದರು.

ಹೆಂಡತಿ ಮಾತ್ರ ಫಲಕ ನೋಡಿದಳು, ಯಂತ್ರ ನೋಡಿದಳು, ಗಂಡನ ಮುಖ ನೋಡಿದಳು. ಸಂಸಾರ ಮಾಡಿದವಳಿಗೆ ಇಷ್ಟು ಸಾಕು. ಬಗ್ಗಿ ಅವನ ಪಿನ್ನು ಸರಿಮಾಡುವ ನೆವದಲ್ಲಿ ಮೆಲ್ಲಗೆ ಕೇಳಿದಳು: "ಏನು ಕೆಟ್ಟಿದೆ ರೀ?"

"ಸದ್ಯಕ್ಕೆ ಏನೂ ಇಲ್ಲ."

"ನಾಳೆ ಸಂಜೆವರೆಗೆ ಹೀಗೇ ಇರುತ್ತಾ?"

"ಯಾರೂ ಮುಟ್ಟದಿದ್ರೆ."

ಅವಳು ನಗು ನುಂಗಿಕೊಂಡು ಎಲ್ಲರಿಗೂ ಕೇಳುವಂತೆ, "ದೇವರೇ, ಇದರ ಹತ್ತಿರ ಯಾರೂ ಹೋಗ್ಬೇಡಿ. ಬರ್ತಾ ಮೆಟ್ಟಿಲಿಗೇ ಸದ್ದು ಕೇಳ್ತಿತ್ತು" ಎಂದು ಹೇಳಿ ಹೊರಟಳು. ಆ ದಿನ ಎಲ್ಲರೂ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಶುಕ್ರವಾರ ಮಧ್ಯಾಹ್ನದವರೆಗೆ ಎಲ್ಲ ಸುಗಮವಾಗಿತ್ತು. ಸೀಸೆಗಳಲ್ಲಿ ಜೀವಿಗಳು ಗಂಜಿಯಂತೆ ದಟ್ಟವಾಗಿ ಬೆಳೆದಿದ್ದವು. ಆಗ ರಿಪೇರಿಯವನು ಬಂದ.

ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಈತನನ್ನು ಕರೆದರೆ ಬರುವಷ್ಟರಲ್ಲಿ ಯಂತ್ರವನ್ನು ಜನ ಮರೆತುಬಿಟ್ಟಿರುತ್ತಿದ್ದರು. ಆದರೆ ಈ ಸಲ ಫೋನಿನಲ್ಲಿ ಮುಖ್ಯಸ್ಥೆ ಹೇಳಿದ್ದನ್ನು ಕೇಳಿ ಅವನಿಗೆ ನಿದ್ದೆ ಹತ್ತಿರಲಿಲ್ಲ. "ಓಡಲ್ಲ, ಓಡಲ್ಲ ಅಂತ ಕೇಳಿ ಕೇಳಿ ಜೀವನ ಸಾಕಾಗಿತ್ತು ಮೇಡಂ" ಎನ್ನುತ್ತ ಒಳಗೆ ಬಂದವನು, ಚೀಲ ಕೆಳಗಿಟ್ಟು, ಸುತ್ತುವ ತಟ್ಟೆಯನ್ನು ಮದುಮಗಳನ್ನು ನೋಡುವಂತೆ ನೋಡಿದ. "ನಿಲ್ಲಲ್ಲ ಅಂತ ಹೇಳಿದವರು ನೀವೇ ಮೊದಲು."

ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿ ಕೇಳಿದ. "ಒಳಗೆ ಬಹಳ ಹಟ ಇದೆ" ಎಂದ. ಆಮೇಲೆ ಕೈ ಒರೆಸಿಕೊಂಡು ಬೆರಳನ್ನು ಕೆಂಪು ಗುಂಡಿಯ ಕಡೆ ಚಾಚಿದ.

ಆಫೀಸು ಬಿಡಲು ಇನ್ನೂ ಬಹಳ ಹೊತ್ತಿತ್ತು. ಸದ್ಯಪ್ಪನ ಕಣ್ಣ ಮುಂದೆ ಮರಳಿನ ಬಕೆಟ್ಟು ತೇಲಿತು.

"ಅಣ್ಣ, ಒಂದು ಮಾತು. ನಿಮ್ಮಂಥವರು ಸಿಗೋದೇ ಅಪರೂಪ. ಇಲ್ಲಿವರೆಗೆ ನೀವು ಮಾಡಿದ ರಿಪೇರಿಗಳಲ್ಲಿ ತುಂಬ ಕಷ್ಟದ್ದು ಯಾವುದು?"

ಬೆರಳು ಗಾಳಿಯಲ್ಲಿ ನಿಂತಿತು. ಆ ಪ್ರಶ್ನೆಯನ್ನು ಅವನ ಹೆಂಡತಿಯೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ರಿಪೇರಿಯವನು ಸ್ಟೂಲು ಎಳೆದುಕೊಂಡು ಕೂತ. ಒಂದು ಆಸ್ಪತ್ರೆಯ ಲಿಫ್ಟಿನಿಂದ ಶುರುಮಾಡಿದ. ಲಿಫ್ಟಿನೊಳಗೆ ಸಿಕ್ಕಿಕೊಂಡ ಡಾಕ್ಟರಿಗೆ ಸಂದಿಯಿಂದ ಬಿಸ್ಕೆಟ್ ದಾಟಿಸಿದ್ದು, ಹಿಟ್ಟಿನ ಗಿರಣಿಯಲ್ಲಿ ಎರಡು ದಿನ ಬೆಳ್ಳಗೆ ಓಡಾಡಿ ಮನೆಗೆ ಹೋದಾಗ ನಾಯಿ ಗುರುತಿಸದೆ ಕಚ್ಚಿದ್ದು, ಎಲ್ಲವನ್ನೂ ಹೇಳಿದ. ಚಹಾ ಬಂತು, ಮತ್ತೊಮ್ಮೆ ಬಂತು. ಸದ್ಯಪ್ಪ ಪ್ರತಿ ಕಥೆಯ ಕೊನೆಗೂ "ಆಮೇಲೆ?" ಎಂದ. ನಾಯಿಯ ಕಥೆಯನ್ನು ಎರಡು ಸಲ ಹೇಳಿಸಿದ. ಮದುವೆಯಾದ ಮೇಲೆ ಯಾರ ಮಾತನ್ನೂ ಅವನು ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ಕಾರಿಡಾರಿನಲ್ಲಿ ಜನ ಚೀಲ ಹೆಗಲಿಗೇರಿಸುವ ಸದ್ದಾಯಿತು. ಸಿದ್ಧಾಂತಿ ಗಡಿಯಾರ ನೋಡಿ, "ಹೊತ್ತಾಯ್ತು. ಈಗ ಸುಸ್ತಾಗಿರ್ಬೇಕು" ಎಂದ.

ರಿಪೇರಿಯವನು ಎದ್ದು ಕೆಂಪು ಗುಂಡಿ ಒತ್ತಿದ. ತಟ್ಟೆ ನಿಧಾನವಾಗಿ, ಮರ್ಯಾದೆಯಿಂದ, ನಿಂತಿತು.

ಆಮೇಲೆ ಚಪ್ಪಾಳೆ. ಸಿದ್ಧಾಂತಿ ತನ್ನ ಲೆಕ್ಕಕ್ಕೆ ತಾನೇ ಕೈಮುಗಿದ. ಸಕ್ಕರೆ ಅಕ್ಕ ರಿಪೇರಿಯವನ ಬೆನ್ನು ತಟ್ಟಿದಳು. ರಿಪೇರಿಯವನು ತನ್ನ ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, "ಇನ್ನು ಇದು ಯಾವಾಗ ಬೇಕಾದ್ರೂ ನಿಲ್ಲುತ್ತೆ" ಎಂದು ಅಭಯ ಕೊಟ್ಟು, ಈ ಕಥೆಯನ್ನು ಹೇಳಲು ಬೇರೆಡೆಗೆ ಹೊರಟುಹೋದ. ಸದ್ಯಪ್ಪ ಸೀಸೆಗಳನ್ನು ಫ್ರಿಜ್ಜಿಗೆ ಸೇರಿಸಿ, ಫಲಕ ಬಿಚ್ಚಿ, ಮನೆಗೆ ಫೋನು ಮಾಡಿ ಒಂದೇ ಮಾತು ಹೇಳಿದ: "ಬಕೆಟ್ ತಗೊಳ್ಳೋಕೆ ಹೇಳು."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಕ್ಕರೆ ಅಕ್ಕನಿಗೆ ಯಂತ್ರ ನಿಲ್ಲುವುದನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಹಸಿರು ಒತ್ತಿದಳು, ಕೆಂಪು ಒತ್ತಿದಳು, ನಿಂತಿತು. "ಎಷ್ಟು ಚೆನ್ನಾಗಿ ನಿಲ್ಲುತ್ತೆ" ಎಂದಳು. ಸಿದ್ಧಾಂತಿ ಒತ್ತಿದ. ಸ್ಟೋರ್ ಕೀಪರ್ ಒತ್ತಿದರು. ಮುಖ್ಯಸ್ಥೆ, ಪಾಪ ಕಳೆದ ನೆಮ್ಮದಿಯಲ್ಲಿ, ಸ್ವಲ್ಪ ಜೋರಾಗಿಯೇ ಒತ್ತಿದರು. ಕೆಂಪು ಗುಂಡಿ ಟಕ್ಕೆಂದು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ತಟ್ಟೆ ಸುತ್ತುತ್ತಲೇ ಇತ್ತು.

ಈಗ ಅದು ನಿಜವಾಗಿಯೂ ನಿಲ್ಲುತ್ತಿರಲಿಲ್ಲ.

ಮುಖ್ಯಸ್ಥೆ ಸದ್ಯಪ್ಪನ ಕೈಯಿಂದ ಫಲಕ ತೆಗೆದುಕೊಂಡು ತಾವೇ ನೇತುಹಾಕಿದರು. ಸಿದ್ಧಾಂತಿ ಬೋರ್ಡಿನ ಕಡೆ ಓಡಿದ. "ಈ ಸಲ ತಟ್ಟೆ ಖಾಲಿ ಇದೆ. ಸುಸ್ತಾಗೋದು ತಡ. ಭಾನುವಾರ ಸಂಜೆ ಆಗುತ್ತೆ."

"ಸದ್ಯಪ್ಪ," ಎಂದರು ಮುಖ್ಯಸ್ಥೆ, "ಇದರ ಸ್ವಭಾವ ನಿಮಗೆ ಮಾತ್ರ ಗೊತ್ತು. ಭಾನುವಾರದವರೆಗೆ ನೀವೇ ಕಾವಲಿರ್ಬೇಕು."

ಸದ್ಯಪ್ಪ ಯಂತ್ರ ನೋಡಿದ. ಎಲ್ಲರ ಮುಖ ನೋಡಿದ. ಬಾಳಿನಲ್ಲಿ ಮೊದಲ ಸಲ ಅವನಿಗೆ "ಸದ್ಯಕ್ಕೆ" ಎಂಬ ಮಾತು ಬಾಯಿಗೆ ಬರಲಿಲ್ಲ. ನೇರವಾಗಿ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತ.

ತಟ್ಟೆ ನಿಂತಿತು.

"ಮೋಟಾರಿಗೆ ಆಘಾತ" ಎಂದ ಸಿದ್ಧಾಂತಿ.

"ತಡ್ಕೊಳ್ಳುತ್ತೆ. ನೋಡಿ, ಮೊದಲು ಇದು ಕೆಟ್ಟೇ ಇರಲಿಲ್ಲ. ಫಲಕ ಹಾಕಿದ್ದೇ ನಾನು. ನನ್ನ ಸೀಸೆ ಯಾರೂ ಮುಟ್ಟಬಾರದು ಅಂತ."

ಸಕ್ಕರೆ ಅಕ್ಕ ಪಾಕವನ್ನು ನೆನೆದು ನೆಲ ನೋಡಿದಳು. ಸಿದ್ಧಾಂತಿ ತನ್ನ ತೂಕವನ್ನು ನೆನೆದು ಕಿಟಕಿ ನೋಡಿದ. ಮುಖ್ಯಸ್ಥೆ ಹಸಿರು ಬಣ್ಣ ನೆನೆದು ಕನ್ನಡಕ ಒರೆಸಿದರು. ನನ್ನನ್ನು ಕಾಪಾಡಲು ಈ ಪುಣ್ಯಾತ್ಮ ಎಂಥ ಸುಳ್ಳು ಹೇಳುತ್ತಿದ್ದಾನೆ ಎಂದು ಮೂವರಿಗೂ ಬೇರೆಬೇರೆಯಾಗಿ ಅನ್ನಿಸಿತು.

"ಸಾಕು ಸದ್ಯಪ್ಪ. ನೀವು ಎಂಥವರು ಅಂತ ಗೊತ್ತಾಯ್ತು" ಎಂದರು ಮುಖ್ಯಸ್ಥೆ. "ಆದ್ರೆ ಕಾನೂನು ಕಾನೂನೇ. ಫಲಕ ಇದ್ದಾಗ ಮುಟ್ಟಿದ್ದೀರಿ. ಒಂದು ತಿಂಗಳು ಗಾಜಿನ ಸಾಮಾನು."

"ಮಂಗಳವಾರದಿಂದ ತೊಳೀಲಾ ಮೇಡಂ? ಸಮುದ್ರ ನೋಡಿ ಬಂದು?"

"ಮಂಗಳವಾರದಿಂದ ಸಾಕು."

ಫಲಕವನ್ನು ಸದ್ಯಪ್ಪ ಯಾರಿಗೂ ಕಾಣದಂತೆ ತನ್ನ ಚೀಲಕ್ಕೆ ಸೇರಿಸಿದ. ಅದು ಮತ್ತೆ ಆ ಡ್ರಾಯರು ಸೇರುವುದು ಕ್ಷೇಮವಲ್ಲ ಎಂದು ಅವನಿಗೆ ಅನ್ನಿಸಿತು.

ಶನಿವಾರ ಬೆಳಗ್ಗೆ ಪ್ರಯೋಗಾಲಯಕ್ಕೆ ರಜೆ. ಯಾರೂ ಇರುವುದಿಲ್ಲವೆಂದು ಸಕ್ಕರೆ ಅಕ್ಕ ಕಳ್ಳಹೆಜ್ಜೆಯಲ್ಲಿ ಬಂದು ಸಿಂಕಿನ ನಲ್ಲಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಸಿದ್ಧಾಂತಿ ಬ್ರಷ್ಷು ಹಿಡಿದು ಬಂದ. ಆಮೇಲೆ ಮುಖ್ಯಸ್ಥೆ ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಂದರು. "ಸುಮ್ಮನೆ ಈ ಕಡೆ ಬಂದಿದ್ದೆ" ಎಂದು ಮೂವರೂ ಹೇಳಿದರು. ಮಂಗಳವಾರ ಸದ್ಯಪ್ಪ ಬಂದು ನೋಡಿದಾಗ ತೊಳೆಯಲು ಒಂದು ಲೋಟವೂ ಉಳಿದಿರಲಿಲ್ಲ. ತಿಂಗಳಿಡೀ ಉಳಿಯಲಿಲ್ಲ.

ಅದು ಮುಂದಿನ ಮಾತಾಯಿತು. ಆ ಶನಿವಾರ, ಅವರು ಸಿಂಕಿನ ಮುಂದೆ ನಿಂತಿದ್ದ ಹೊತ್ತಿಗೆ, ಸದ್ಯಪ್ಪ ರೈಲಿನಲ್ಲಿ ಬಾಯಿ ತೆರೆದು ಗಾಢವಾಗಿ ಮಲಗಿದ್ದ. ಬಿಸ್ಕೆಟಿಗಾಗಿ ಅಪ್ಪನ ಚೀಲಕ್ಕೆ ಕೈಹಾಕಿದ ಪುಟ್ಟಿಗೆ ಕೆಂಪು ಫಲಕ ಸಿಕ್ಕಿತು. ಹೆಂಡತಿ ಅದನ್ನು ಓದಿ, ಯೋಚಿಸಿ, ದಾರ ಬಿಡಿಸಿ ಗಂಡನ ಕುತ್ತಿಗೆಗೆ ಹಾಕಿದಳು. ಸೇಫ್ಟಿ ಪಿನ್ನಿನ ಮೇಲೆ ಅದು ಸರಿಯಾಗಿ ಕೂತಿತು.

ಟಿಕೆಟ್ ನೋಡುವವನು ಬಂದ. ಮಲಗಿದವನನ್ನು ಎಬ್ಬಿಸಲು ಕೈ ಚಾಚಿದವನು ಫಲಕ ಓದಿ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಏನಮ್ಮ, ಏನು ಕೆಟ್ಟಿದೆ?"

ಅತ್ತೆ ನಿಂಬೆಹಣ್ಣು ಮೂಸುತ್ತ, ಅಳಿಯನ ಟಿಕೆಟ್ಟನ್ನೂ ಸೇರಿಸಿ ಎಲ್ಲವನ್ನೂ ಅವನ ಕೈಗಿಟ್ಟರು.

"ಏನೂ ಇಲ್ಲಪ್ಪ. ಒಮ್ಮೆಗೇ ಎಬ್ಬಿಸಿದ್ರೆ ಆಘಾತ ಆಗುತ್ತೆ. ಸಮುದ್ರ ಬರೋ ಹೊತ್ತಿಗೆ ತಾನಾಗಿ ಸರಿಹೋಗುತ್ತೆ."